ಮಹಬೂಬ್ ಸಾಬರ ಮೆಟ್ಟಿಲು ಬಾವಿ

ಮೆಣಸಿನ ಬಳ್ಳಿಗೆ ಎಷ್ಟು ನೀರು ಬಿಡಬೇಕು, ಏಲಕ್ಕಿಗೆ ಯಾವ ಗೊಬ್ಬರ ಹಾಕಬೇಕು ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ. ಅದೆಲ್ಲ ಪುಸ್ತಕದಲ್ಲಿದೆ, ಓದಿಕೊಳ್ಳಿ ಎನ್ನುತ್ತೇನೆ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳೋಣವೆಂದು ಈಗ ಕೂತಿದ್ದೇನೆ. ದಿನಚರಿ ಪುಸ್ತಕದಲ್ಲಿ ಆಗದ ಕೆಲಸವನ್ನು ಆಯಿತೆಂದು ಬರೆಯಬೇಡಿ. ಸಿಕ್ಕಿಬೀಳುತ್ತೀರಿ ಎಂದು ಹೆದರಿಸುತ್ತಿಲ್ಲ. ಸಿಕ್ಕಿಬಿದ್ದರೆ ನೋಟೀಸು ಬರುತ್ತದೆ, ಅಷ್ಟೆ. ಬರೆದದ್ದು ಆಗಿಯೇಬಿಟ್ಟರೆ ಏನು ಮಾಡುತ್ತೀರಿ?

ನಾನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಬಾರ ಗಿಡಗಳ ಕ್ಷೇತ್ರ ಸಹಾಯಕನಾಗಿ ಚಪ್ಪಲಿ ಸವೆಸಿದವನು. ತಂಪು ಸೀಮೆಯ ಮೆಣಸು, ಏಲಕ್ಕಿ, ದಾಲ್ಚಿನ್ನಿ, ವೆನಿಲ್ಲಾಗಳನ್ನು ನಮ್ಮ ಜನ ತಮ್ಮ ಮನೆಯ ಮಟ್ಟಿಗಾದರೂ ಬೆಳೆದುಕೊಳ್ಳುವಂತೆ ಮಾಡುವುದು ನನ್ನ ಕೆಲಸ. ಬಿಸಿಲು ಸೀಮೆಯಲ್ಲಿ ಇದೆಂಥ ಕೆಲಸವೋ ಎಂದು ನಗಬೇಡಿ, ನಾನೂ ನಕ್ಕೇ ಸೇರಿದೆ. ನಮ್ಮದು ದೊಡ್ಡೇರಿ ಕಡೆಯ ಪೂಜೆಯ ಮನೆತನ. ಹಾಗಾಗಿ ಹಳ್ಳಿಯವರು ಸಾರ್ ಎನ್ನದೆ ‘ಅಯ್ನೋರೇ’ ಎಂದೇ ಕರೆಯುತ್ತಿದ್ದರು. ನಿವೃತ್ತನಾದ ಮೇಲೂ ಆ ಹೆಸರು ಬಿಟ್ಟಿಲ್ಲ.

ಮೊದಲ ಪಾಠ ಪಾವಗಡದ ಬಲಸಮುದ್ರದಲ್ಲಾಯಿತು. ಆಗ ಸೋಲಾರ್ ಫಲಕಗಳು ಇನ್ನೂ ಬಂದಿರಲಿಲ್ಲ, ಬರೀ ಬಂಡೆ ಮತ್ತು ಬಿಸಿಲು. ಮಲೆನಾಡಿನಿಂದ ಬಂದಿದ್ದ ನಮ್ಮ ಮೇಲಧಿಕಾರಿಯೊಬ್ಬರು ಶಿವರಾತ್ರಿ ಕಳೆದ ಮೇಲೆ ಒಂದು ಲಾರಿ ಮೆಣಸಿನ ಸಸಿ ಕಳಿಸಿದರು. “ನೆರಳು ಬಲೆ ಕಟ್ಟಿದರೆ ಎಲ್ಲಾ ಕಡೆ ಒಂದೇ ಕಣ್ರೀ” ಎಂಬುದು ಅವರ ವಾದ. ಬಲೆ ಕಟ್ಟಿದೆವು, ನೆಟ್ಟೆವು. ಎಂಟು ದಿನಕ್ಕೆ ಎಲೆಗಳು ಗಾಳಿಗೆ ಕಾಗದದಂತೆ ಸದ್ದು ಮಾಡತೊಡಗಿದವು. ಆ ಹೊಲದ ನಾಗಣ್ಣ ಬೀಡಿ ಹಚ್ಚಿಕೊಂಡು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ.

“ಏಂ ಅಯ್ನೋರೇ, ನಮ್ಮೂರಾಗೆ ಹಪ್ಪಳ ಸುಡಾಕೆ ಒಲೆ ಬ್ಯಾಡ, ಬಂಡೆ ಸಾಕು. ಈ ಪಾಪದವನ್ನ ತಂದು ಬಂಡೆ ಮ್ಯಾಗೆ ಇಟ್ಟೀರಲ್ಲ.”

“ಬೇರು ಹಿಡಿಯುತ್ತಿವೆ ಅಂತ ಬರೀಬೇಕಂತೆ ಕಣಪ್ಪ, ಮೇಲಿನವರು ಹೇಳಿದ್ದಾರೆ.”

“ಚಚ್ಚಿಪೋಯಿನ, ಸತ್ತೋದ ಬಳ್ಳಿ ಬೇರು ಹಿಡೀತೈತಾ? ಬರ್ಕಳಿ, ಬರ್ಕಳಿ. ನಾಳೆ ನಾನು ಸತ್ರೂ ನಾಗಣ್ಣ ಆರೋಗ್ಯವಾಗವ್ನೆ ಅಂತ ಬರೀರಿ.”

ನಾನು ಬರೆದೆ. ಬಳ್ಳಿಗಳು ಸತ್ತವು, ಬರಹ ಉಳಿಯಿತು, ಯಾರೂ ಏನೂ ಕೇಳಲಿಲ್ಲ. ಮೊದಲ ಸುಳ್ಳಿಗೆ ಏನೂ ಆಗುವುದಿಲ್ಲ. ಅದೇ ಅದರ ಕೆಡುಕು.

ಊರಿಗೆ ಹೋದಾಗ ಈ ಸಂಗತಿಯನ್ನು ನಮ್ಮ ದೊಡ್ಡಮ್ಮನಿಗೆ ಹೇಳಿಕೊಂಡೆ. ಅಕ್ಷರ ಕಲಿಯದ ಹೆಂಗಸು, ಆದರೆ ನನ್ನ ಮಾತೆಲ್ಲ ಅವಳಿಂದ ಕಲಿತದ್ದು. ಅವಳು ರಾಗಿ ಕೇರುತ್ತಲೇ ಬೈದಳು. “ಲೇ ದಡ್ಡ, ನೆರಳು ಬ್ಯಾರೆ, ತಂಪು ಬ್ಯಾರೆ ಕಣ್ಲಾ. ನೆರಳು ತಲೆಗೆ ಬರ್ತೈತೆ, ತಂಪು ಕಾಲಿಗೆ ಬರ್ತೈತೆ. ಸೆಕೆಗಾಲ್ದಾಗೆ ನಾಯಿ ಎಲ್ಲಿ ಹೊಟ್ಟೆ ಊರಿ ಮನಗ್ತೈತೆ ನೋಡ್ಕಂಡ್ ಬಾ, ಅಲ್ಲಿ ನೆಡು.”

ಅಂದಿನಿಂದ ನನ್ನ ವಿಧಾನ ಬದಲಾಯಿತು. ನೆರಳು ಬಲೆ ಹೊತ್ತುಕೊಂಡು ಹೋಗುವ ಬದಲು ಜೇಬಿನಲ್ಲಿ ಉಷ್ಣಮಾಪಕ ಇಟ್ಟುಕೊಂಡು ಬೀದಿ ನಾಯಿಗಳ ಹಿಂದೆ ತಿರುಗಿದೆ. ಹಿತ್ತಲ ಬಾನಿಯ ಬುಡ, ಹಳೇ ಗೋಡೆಗಳ ಬಡಗಣ ಮಗ್ಗುಲು, ಬಂಡೆಯ ಪೊಟರೆ. ಬಿಸಿಲು ಸೀಮೆಯ ಹೊಟ್ಟೆಯೊಳಗೆ ಅಂಗೈಯಷ್ಟಗಲದ ತಂಪು ಸೀಮೆಗಳು ಎಷ್ಟೋ ಇವೆ. ಅಲ್ಲೆಲ್ಲ ಬಳ್ಳಿ ಬದುಕಿತು. ಅಷ್ಟು ವರ್ಷದ ಅನುಭವದಲ್ಲಿ ನಾನು ಕಂಡುಕೊಂಡ ವಿದ್ಯೆ ಇಷ್ಟೆ.

ಆದರೆ ತಂಪಿರುವ ಜಾಗಗಳಿಗೆ ಅವುಗಳದೇ ಒಂದು ಗುಣವಿದೆ. ಕೊಳಾಲದ ಹತ್ತಿರ ಒಬ್ಬ ರೈತನ ಹೊಲದ ಅಂಚಿನಲ್ಲಿ ಎರಡು ಹೆಬ್ಬಂಡೆಗಳ ನಡುವೆ ಒಂದು ಸಂದು. ನಡುಹಗಲಲ್ಲೂ ಒಳಗಿಂದ ತಣ್ಣನೆ ಗಾಳಿ ಬರುತ್ತಿತ್ತು. ಬಂದು, ನಿಂತು, ಮತ್ತೆ ಬರುವುದು. ಮಲಗಿದವರ ಉಸಿರಿನ ಹಾಗೆ. ಅದರ ಬಾಯಲ್ಲಿ ಮೆಣಸು ನೆಡಿಸಿದೆ. ಸೊಗಸಾಗಿ ಬೆಳೆಯಿತು, ಆದರೆ ಬೆಳಕಿಗೆ ಬಾರದೆ ಕತ್ತಲೆಯೊಳಕ್ಕೆ ಹೋಯಿತು. “ಹಗ್ಗ ಕಟ್ಟಿ ಎಳೆದೆ ಅಯ್ನೋರೇ” ಎಂದ ರೈತ. “ಬರಾಕಿಲ್ಲ. ಒಳಗಿಂದ ಯಾರೋ ಹಿಡ್ಕಂಡಂಗೈತೆ.” ಕೆಲವು ಬಳ್ಳಿಗಳು ಆಸರೆ ಹುಡುಕುತ್ತ ಕತ್ತಲೆಯ ಕಡೆಗೇ ಹರಿಯುತ್ತವೆ ಎಂದು ಆಮೇಲೆ ಓದಿದೆ. ಓದಿದ ಮೇಲೂ ಆ ಸಂದಿಗೆ ಬೆನ್ನು ಹಾಕಿ ನಿಲ್ಲಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಹೀಗೆ ತಂಪು ಹುಡುಕುತ್ತ ಹೋದವನಿಗೆ ಸಿಕ್ಕಿದ್ದೇ ಶಿರಾದ ಮಹಬೂಬ್ ಸಾಬರ ಬಾವಿ.

ಮಹಬೂಬ್ ಸಾಬರದು ಶಿರಾ ಪೇಟೆಯಲ್ಲಿ ಸಂಬಾರ ಪದಾರ್ಥದ ಅಂಗಡಿ. ಅಪ್ಪನ ಕಾಲದಿಂದ ಬಂದದ್ದು. ಊರಾಚೆ ಅವರಿಗೆ ಒಂದು ಹಳೆಯ ತೋಟ, ತೋಟದಲ್ಲಿ ನೀರು ಬತ್ತಿದ ಒಂದು ಮೆಟ್ಟಿಲು ಬಾವಿ. ಹದಿನೆಂಟು ಮೆಟ್ಟಿಲು. ಮೇಲೆ ನಿಂತರೆ ನೆತ್ತಿ ಸುಡುತ್ತದೆ, ಆರು ಮೆಟ್ಟಿಲಿಳಿದರೆ ಬೆವರು ಆರುತ್ತದೆ, ಹನ್ನೆರಡು ಇಳಿದರೆ ಹೆಗಲಿಗೆ ಟವೆಲು ಬೇಕೆನಿಸುತ್ತದೆ. ತಳದಲ್ಲಿ ಮಾತ್ರ ಒಂದಿಷ್ಟು ತೇವ. ನಾನು ಉಷ್ಣಮಾಪಕ ಹಿಡಿದು ಇಳಿಯುತ್ತ ಹೋದಂತೆ ಪಾದರಸವೂ ನನ್ನ ಜೊತೆ ಮೆಟ್ಟಿಲಿಳಿಯಿತು.

“ಜೀವಮಾನವೆಲ್ಲ ಬೇರೆಯವ್ರು ಬೆಳೆದ ಮೆಣಸು ತೂಗ್ದೆ ಅಯ್ನೋರೇ” ಎಂದರು ಮಹಬೂಬ್ ಸಾಬರು. “ಒಂದು ಕಾಳಾದ್ರೂ ನಂದೂ ಅಂತ ಇರ್ಲಿ.”

ಅವರನ್ನು ಯೋಜನೆಯ ಫಲಾನುಭವಿಯೆಂದು ಬರೆದುಕೊಂಡೆ. ಗೋಡೆಗುಂಟ ಮೆಣಸು, ನಡುವಿನ ಮೆಟ್ಟಿಲುಗಳಲ್ಲಿ ಏಲಕ್ಕಿ, ಕೆಳಗಿನ ಮೆಟ್ಟಿಲುಗಳಲ್ಲಿ ಬಿದಿರ ಹಂದರಕ್ಕೆ ವೆನಿಲ್ಲಾ. ಮೆಣಸು ಬೇಗ ಬಂತು. ಅವರ ಜೀವವೆಲ್ಲ ಇದ್ದದ್ದು ವೆನಿಲ್ಲಾದ ಮೇಲೆ. ವೆನಿಲ್ಲಾ ಹೂ ಬಿಡಲು ಮೂರು ವರ್ಷ ಕಾಯಬೇಕು. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ನಮ್ಮ ಸೀಮೆಯ ಜೇನಿಗೆ ಆ ಹೂವಿನ ಗುಟ್ಟು ತಿಳಿಯದು. ಮನುಷ್ಯನೇ ಕಡ್ಡಿಯಿಂದ ಒಳಗಿನ ಪೊರೆಯನ್ನೆತ್ತಿ, ಪರಾಗವನ್ನು ಹೆಬ್ಬೆರಳಲ್ಲಿ ಒತ್ತಿ ಕೂಡಿಸಬೇಕು. ಇದಕ್ಕೆ ನಾವು ಹೂವಿನ ಮದುವೆ ಎನ್ನುತ್ತಿದ್ದೆವು. ಮದುವೆಯಾದ ಹೂವಿನ ತೊಟ್ಟಿಗೆ ಗುರುತಿಗೆ ಒಂದು ದಾರ ಕಟ್ಟುವುದು ಪದ್ಧತಿ.

ಮಹಬೂಬ್ ಸಾಬರು ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕಾಗದದ ಹೂ ಮಾಡಿಕೊಂಡು ಪೊರಕೆ ಕಡ್ಡಿಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಪೊಟ್ಟಣ ಕಟ್ಟುವ ಕೆಂಪು-ಬಿಳಿ ದಾರವನ್ನೇ ಒಂದೇ ಕೈಯಲ್ಲಿ ಸುತ್ತಿ, ಕಿರುಬೆರಳಿಂದ ಎಳೆದು ಗಂಟು ಹಾಕುವರು. ಆ ಗಂಟು ಅವರ ಅಂಗಡಿಯದೇ. ನಾನು ಎಷ್ಟು ಸಲ ನೋಡಿದರೂ ನನ್ನ ಕೈಗೆ ಬರಲಿಲ್ಲ. “ನಿಮ್ದು ಪೂಜೆ ಕೈ ಅಯ್ನೋರೇ, ಪೊಟ್ಟಣದ ಕೈ ಅಲ್ಲ” ಎಂದು ನಗುತ್ತಿದ್ದರು.

ಮೂರನೆಯ ವರ್ಷದ ಮಳೆಗಾಲದಲ್ಲಿ, ಒಂದು ಬೆಳಿಗ್ಗೆ, ಕೊನೆಯ ಮೆಟ್ಟಿಲ ಬಳಿ ಬಳ್ಳಿಯನ್ನು ಹಂದರಕ್ಕೆ ಹಬ್ಬಿಸುತ್ತಿದ್ದವರು ಹಾಗೇ ಕೂತು ತೀರಿಕೊಂಡರು. ಎದೆನೋವಂತೆ. ಮೊದಲ ಹೂವನ್ನು ಅವರು ಕಾಣಲಿಲ್ಲ.

ಅವರ ಅಣ್ಣ ದಸ್ತಗೀರ್ ಸಾಬರು ಕಲ್ಲು ಗುತ್ತಿಗೆಯವರು, ದೊಡ್ಡ ಮೈ, ದೊಡ್ಡ ದನಿ. ಬಾವಿಯ ಕಟ್ಟೆಯ ಮೇಲೆ ಎರಡು ಟ್ರ್ಯಾಕ್ಟರ್ ಸೈಜುಗಲ್ಲು ತಂದು ಸುರಿಸಿದರು. “ಈ ಬಾವಿ ನನ್ನ ತಮ್ಮನ್ನ ತಿಂತು. ಇದರ ಬಾಯಿ ಮುಚ್ಚಿಸ್ತೀನಿ” ಎಂದರು. ಮಹಬೂಬ್ ಸಾಬರ ಹೆಂಡತಿ ನೂರ್ಜಾನಮ್ಮ ಗಂಡ ಸತ್ತವರು ನಾಲ್ಕು ತಿಂಗಳು ಹೊರಗೆ ಬಾರದೆ ಇರುವ ಇದ್ದತ್ತಿನಲ್ಲಿ ಕೂತಿದ್ದವರು ಅದು ಮುಗಿದ ಮೇಲೆ ಮೊದಲು ಬಂದದ್ದು ತೋಟಕ್ಕೆ. ಭಾವನ ಎದುರು ನಿಂತು ಒಂದೇ ಮಾತು ಕೇಳಿಕೊಂಡರು.

“ಭಾಯ್ಸಾಬ್, ಒಂದು ಹೂವಿನ ಕಾಲ ಕೊಡಿ. ಅವರು ಮೂರು ವರ್ಷ ಕಾದಿದ್ದು ಅದಕ್ಕೆ. ಕಾಯಿ ಕಟ್ಟಿದ್ರೆ ಬಾವಿ ಇರ್ಲಿ. ಕಟ್ಟದಿದ್ರೆ ನಾನೇ ಮೊದಲ್ನೇ ಕಲ್ಲು ಹಾಕ್ತೀನಿ.”

ದಸ್ತಗೀರ್ ಸಾಬರು ಒಪ್ಪಿದರು. ಕಲ್ಲು ಮಾತ್ರ ಕಟ್ಟೆಯ ಮೇಲೆಯೇ ಉಳಿಯಿತು.

ಚಳಿ ಹಿಡಿದ ಮೇಲೆ ಮೊಗ್ಗು ಬಂದವು. ನೂರ್ಜಾನಮ್ಮನಿಗೆ ಮದುವೆ ಮಾಡಿಸುವುದನ್ನು ಕಲಿಸಲು ನಾನು ದಿನಾ ಬೆಳಿಗ್ಗೆ ಹೋದೆ. ಆಕೆ ಮೂರನೇ ಮೆಟ್ಟಿಲಿಗಿಂತ ಕೆಳಗೆ ಇಳಿಯಲಾರರು. ಕಾಲು ನಡುಗುತ್ತಿತ್ತು. “ಅವರು ಕೂತಿದ್ದ ಜಾಗ ಕಾಣ್ತೈತೆ ಅಯ್ನೋರೇ. ಇವತ್ತು ಬುಟ್ಬುಡಿ.” ನಾನೇ ಮಾಡಬಹುದಿತ್ತು, ಆದರೆ ನನ್ನ ಕಣ್ಣಿಗೆ ಆಗತಾನೆ ಪೊರೆ ಬಂದಿತ್ತು, ಆ ಸೂಕ್ಷ್ಮ ಕೆಲಸ ಕೈಗೆ ಬರುತ್ತಿರಲಿಲ್ಲ. ಮೊದಲ ಮೂರು ದಿನದ ಹೂಗಳು ಹಾಗೇ ಉದುರಿದವು.

ಇನ್ನೊಂದು ತೊಡಕು ಕಚೇರಿಯದು. ಹೂವಿನ ಕಾಲ ದಾಖಲೆಯಲ್ಲಿ ಖಾಲಿ ಹೋದರೆ ಯೋಜನೆ ರದ್ದು, ಹಂದರ, ಹನಿ ನೀರಿನ ಪೈಪು ಎಲ್ಲಾ ವಾಪಸು. ಹೆಸರು ಬದಲಾಯಿಸೋಣವೆಂದರೆ ವಾರಸುದಾರಿಕೆ ಕಾಗದಕ್ಕೆ ತಿಂಗಳುಗಟ್ಟಲೆ ಬೇಕು. ಮಹಬೂಬ್ ಸಾಬರು ತೀರಿಕೊಂಡದ್ದನ್ನು ನಾನಿನ್ನೂ ವರದಿ ಮಾಡಿರಲಿಲ್ಲ. ನಮ್ಮಲ್ಲಿ ಆಗ ಒಂದು ಕೆಟ್ಟ ಅಭ್ಯಾಸವಿತ್ತು: ನಾಳೆಯ ದಿನಚರಿಯನ್ನು ಇಂದು ಸಂಜೆಯೇ ಬರೆದಿಡುವುದು. ಬೆಳಿಗ್ಗೆ ನೇರ ಹೊಲಕ್ಕೆ ಹೋಗಬಹುದಲ್ಲ ಎಂದು. ಮೂರನೆಯ ದಿನದ ಸಂಜೆ ಬಾವಿ ಕಟ್ಟೆಯ ಮೇಲೆ ಕೂತು, ಮರುದಿನ ಅರಳಲಿದ್ದ ಮೊಗ್ಗುಗಳನ್ನು ಎಣಿಸಿ ಬರೆದೆ:

‘ಫಲಾನುಭವಿ ಮಹಬೂಬ್ ಸಾಬ್ ಇವರು ಇಂದು ಬೆಳಿಗ್ಗೆ ಹದಿನಾಲ್ಕನೇ ಮೆಟ್ಟಿಲಿನ ಬಳ್ಳಿಯಲ್ಲಿ ಐದು ಹೂಗಳಿಗೆ ಸ್ವತಃ ಪರಾಗಸ್ಪರ್ಶ ಮಾಡಿದರು.’

ಬೆಳಿಗ್ಗೆ ಹೋದೆ. ಹದಿನಾಲ್ಕನೇ ಮೆಟ್ಟಿಲಲ್ಲಿ ಐದು ಹೂಗಳು ಅರಳಿದ್ದವು. ಐದೂ ತೊಟ್ಟುಗಳಿಗೆ ಕೆಂಪು-ಬಿಳಿ ದಾರವಿತ್ತು. ಪೊಟ್ಟಣದ ಗಂಟು.

ನೂರ್ಜಾನಮ್ಮನೇ ಧೈರ್ಯ ಮಾಡಿದರೇನೋ ಎಂದು ಮೊದಲು ಸಂತೋಷಪಟ್ಟೆ. ಆಕೆ ನನ್ನ ಹಿಂದೆಯೇ ತೋಟದ ಗೇಟಿನ ಬೀಗ ತೆರೆದು ಒಳಗೆ ಬಂದರು. ಬೀಗ ಒಂದೇ, ಕೀಲಿ ಆಕೆಯ ಸೆರಗಿನಲ್ಲಿ. ನಾನು ಕಾಂಪೌಂಡಿನ ಮುರಿದ ಕಡೆಯಿಂದ ಬಂದಿದ್ದೆ. ದಾರ ತೋರಿಸಿದೆ. ಆಕೆ ಮೂರನೇ ಮೆಟ್ಟಿಲಲ್ಲಿ ನಿಂತು ಬಗ್ಗಿ ನೋಡಿದರು. ಆಮೇಲೆ, “ಗಂಟು ನೋಡಿ” ಎಂದರು, ಅಷ್ಟೆ. ಒಂದು ಮೆಟ್ಟಿಲು ಕೆಳಗಿಳಿದು ಕೂತರು.

ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಆ ಸಂಜೆ ಮೆಟ್ಟಿಲುಗಳ ಮೇಲೆ ಬೂದಿ ಎರಚಿದೆ. ದಿನಚರಿಯಲ್ಲಿ ಮತ್ತೆ ಅದೇ ಮಾತು ಬರೆದೆ, ಮೂರು ಹೂ ಎಂದು. ಬೆಳಿಗ್ಗೆ ಮೂರು ಹೂಗಳಿಗೆ ದಾರ. ಬೂದಿ ಎರಚಿದ ಹಾಗೇ ಇತ್ತು, ಒಂದು ಇರುವೆಯ ಹಾದಿ ಬಿಟ್ಟರೆ.

ಆಗ ನನಗೊಂದು ಯೋಚನೆ ಬಂತು. ಬರಬಾರದಿತ್ತು. ಮರುದಿನ ಅರಳಲು ಆರು ಮೊಗ್ಗು ಸಿದ್ಧವಾಗಿದ್ದವು. ನಾನು ಬೇಕೆಂದೇ ನಾಲ್ಕು ಎಂದು ಬರೆದೆ.

ಬೆಳಿಗ್ಗೆ ಆರು ಹೂ ಅರಳಿದ್ದವು. ನಾಲ್ಕಕ್ಕೆ ದಾರವಿತ್ತು. ಉಳಿದೆರಡು ಯಾರೂ ಮುಟ್ಟದೆ, ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದವು.

ಇದನ್ನು ನಾನು ಯಾರಿಗೆ ಹೇಳಲಿ? ನಮ್ಮ ಕಚೇರಿಯಲ್ಲಿ ಆಗ ಹೊಸ ಮೇಡಂ ಬಂದಿದ್ದರು. ಚುರುಕಿನ ಹೆಂಗಸು. ಕಾಗದಕ್ಕಿಂತ ಆ್ಯಪ್ ಮೇಲೆ ನಂಬಿಕೆ. ದಿನಾ ಒಂದು ಫೋಟೋ ಹಾಕಲೇಬೇಕು. ದಾರ ಕಟ್ಟಿದ ಹೂವಿನ ಫೋಟೋ ತೆಗೆದು ಹಾಕಿದೆ. ಹತ್ತು ನಿಮಿಷಕ್ಕೆ ಫೋನು ಬಂತು.

“ಏನ್ರೀ ಇದು, ಬರೀ ಹೆಬ್ಬೆರಳು ಬಂದಿದೆ? ಫಲಾನುಭವಿ ಮುಖ ಬೇಕು. ಮುಖ ಇಲ್ಲದಿದ್ದರೆ ಆ್ಯಪ್ ತಗೊಳ್ಳಲ್ಲ.”

“ಹೆಬ್ಬೆರಳೇ, ಮೇಡಂ?”

“ಹೂವಿನ ಪಕ್ಕ ಇದೆಯಲ್ಲ. ನಾಳೆ ಅವರನ್ನ ಸ್ವಲ್ಪ ಮೇಲೆ ನೋಡೋಕೆ ಹೇಳಿ ತೆಗೀರಿ.”

ಫೋಟೋ ತೆಗೆದಾಗ ಬಾವಿಯೊಳಗೆ ನಾನೊಬ್ಬನೇ ಇದ್ದೆ. ಮೊಬೈಲಿನಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿದೆ. ಹೂವಿನ ಪಕ್ಕ ಕಂದು ಬಣ್ಣದ್ದು ಏನೋ ಇತ್ತು. ಒಣಗಿದ ಎಲೆಯ ತುದಿ ಎಂದರೆ ಹೌದು. ಉಗುರು ಸವೆದ ಹೆಬ್ಬೆರಳು ಎಂದರೆ, ಅದೂ ಹೌದು.

ಅಷ್ಟಾದರೂ ನಾನು ಬರೆಯುವುದನ್ನು ನಿಲ್ಲಿಸಲಿಲ್ಲ. ನಿಜ ಹೇಳಿಬಿಡುತ್ತೇನೆ: ಮನಸ್ಸಿಗೆ ಹಿತವಾಗಿತ್ತು. ಕಾಯಿ ಕಟ್ಟುತ್ತಿದೆ, ಬಾವಿ ಉಳಿಯುತ್ತದೆ, ಪಾಪದ ಮಹಬೂಬ್ ಸಾಬರು ತಾವು ಕಾದಿದ್ದ ಹೂವನ್ನು ತಾವೇ ಮುಟ್ಟುತ್ತಿದ್ದಾರೆ. ಇದರಲ್ಲಿ ಯಾರಿಗೇನು ನಷ್ಟ ಎಂದುಕೊಂಡೆ. ನಷ್ಟ ಯಾರಿಗೆ ಆಗುತ್ತಿದೆ ಎಂಬುದನ್ನು ನನಗೆ ತೋರಿಸಿದ್ದು ದಸ್ತಗೀರ್ ಸಾಬರು.

ಒಂದು ದಿನ ಅವರು ನನ್ನನ್ನು ರಸ್ತೆಯಲ್ಲೇ ತಡೆದರು. ದೊಡ್ಡ ದನಿ ಸಣ್ಣಗಾಗಿತ್ತು.

“ಅಯ್ನೋರೇ, ನೂರ್ಜಾನ್ ಊಟ ಬಿಟ್ಟವ್ಳೆ. ಎರಡು ತಟ್ಟೆ ಹಾಕ್ತಾಳೆ, ಎರಡೂ ಮುಟ್ಟಲ್ಲ. ನಮ್ಮನೇವ್ಳು ಮಾತಾಡ್ಸಿದ್ರೆ ‘ಇನ್ನೂ ನಾಲ್ಕು ಮೆಟ್ಲು ಐತೆ ಭಾಬಿ’ ಅಂತಾಳೆ. ಏನದು ನಾಲ್ಕು ಮೆಟ್ಲು?”

ಮೊದಲ ದಿನ ಮೂರರಿಂದ ನಾಲ್ಕಕ್ಕೆ ಇಳಿದು ಕೂತ ಹೆಂಗಸು ಆಮೇಲೆ ದಿನಕ್ಕೊಂದು ಮೆಟ್ಟಿಲು ಇಳಿಯುತ್ತಿದ್ದರು. ನಾನದನ್ನು ಧೈರ್ಯ ಬರುತ್ತಿದೆ ಎಂದು ತಿಳಿದಿದ್ದೆ. ಕಾಲಿನ ನಡುಕ ನಿಂತಿತ್ತು, ನಿಜ. ಆದರೆ ಆಕೆ ಹೂವಿನತ್ತ ನೋಡುತ್ತಿರಲಿಲ್ಲ. ಕೊನೆಯ ಮೆಟ್ಟಿಲನ್ನು ನೋಡುತ್ತಿದ್ದರು.

ಅಂದು ಸಂಜೆ ನಾನು ಹೋದಾಗ ಆಕೆ ಹದಿನಾಲ್ಕನೇ ಮೆಟ್ಟಿಲಿನಲ್ಲಿ ಕೂತಿದ್ದರು. ಮುಖ ಬೆಳ್ಳಗೆ ಬಾಡಿತ್ತು, ಆದರೆ ಶಾಂತವಾಗಿತ್ತು. ಆ ಶಾಂತಿ ನನಗೆ ಹಿಡಿಸಲಿಲ್ಲ.

“ಮೇಲೆ ಬನ್ನಿ ತಾಯಿ, ಕತ್ತಲಾಗುತ್ತೆ.”

“ಬೆಳಿಗ್ಗೆ ಬಂದ್ರೆ ಅವರ ಬೆನ್ನು ಕಾಣ್ತೈತೆ ಅಯ್ನೋರೇ. ತಿರುಗಿ ನೋಡಲ್ಲ. ಕೆಲಸದಾಗೆ ಇದ್ರೆ ಅವರು ಯಾವತ್ತೂ ತಿರುಗಿ ನೋಡ್ತಿರ್ಲಿಲ್ಲ, ಅಂಗಡೀಲೂ ಅಂಗೇ.” ಸ್ವಲ್ಪ ನಕ್ಕರು. “ನೀವು ಕಟ್ಟೆ ಮೇಲೆ ಕೂತು ಬರೀತೀರಲ್ಲ, ಪುಸ್ತಕ ಅಲ್ಲೇ ಇಟ್ಟು ಕೆಳಗಿಳಿದಾಗ ನಾನು ಓದಿದೀನಿ. ನನಗೆ ಕನ್ನಡ ಓದಾಕೆ ಬರ್ತೈತೆ, ಏಳನೇ ಕ್ಲಾಸಿನವರೆಗೆ ಹೋಗಿದೀನಿ.”

ನಾನು ಎರಡು ಮೆಟ್ಟಿಲು ಇಳಿದು ಹತ್ತಿರ ಹೋದೆ.

“ನೀವು ಬರೆದಂಗೇ ಆಗ್ತೈತೆ ಅಲ್ವಾ? ಒಂದು ಉಪಕಾರ ಮಾಡಿ. ನಾಳೆಗೆ ನಂದೂ ಹೆಸರು ಬರೀರಿ. ‘ನೂರ್ಜಾನ್ ಕೊನೇ ಮೆಟ್ಲವರೆಗೆ ಇಳಿದು, ಅವರ ಪಕ್ಕ ಕೂತ್ಕೊಂಡ್ಳು’ ಅಂತ. ಅಷ್ಟು ಬರೆದ್ರೆ ಸಾಕು.”

ಹಾಗೆ ಕೇಳಿದಾಗ ಆಕೆಯ ದನಿ ಅಂಗಡಿಯಲ್ಲಿ ಕಾಲು ಕೆಜಿ ಧನಿಯಾ ಕೇಳಿದಷ್ಟು ಸಹಜವಾಗಿತ್ತು.

ದಿನಚರಿ ನನ್ನ ಕಂಕುಳಲ್ಲಿತ್ತು. ಅದು ತೂಕವಾಯಿತು. ಆಕೆಯನ್ನು ಹೇಗೋ ಮೇಲೆ ಕರೆತಂದು, ದಸ್ತಗೀರ್ ಸಾಬರ ಮನೆಯ ಹೆಂಗಸರ ಕೈಗೆ ಒಪ್ಪಿಸಿ, ಕಟ್ಟೆಯ ಮೇಲೆ ಬಂದು ಕೂತೆ. ಬಾವಿಯೊಳಗಿಂದ ತಣ್ಣನೆಯದು ಮೇಲೇರಿ ಬಂದು ಮೊಣಕಾಲಿಗೆ ತಾಗಿತು, ಸ್ವಲ್ಪ ಹೊತ್ತು ನಿಂತಿತು, ಏನು ಬರೆಯುತ್ತಾನೆ ನೋಡೋಣ ಎನ್ನುವಂತೆ. ನಾನು ಗಟ್ಟಿಯಾಗಿಯೇ ಹೇಳಿದೆ: “ಮಹಬೂಬ್ ಸಾಬ್, ತಪ್ಪು ತಿಳ್ಕೋಬೇಡಿ.” ಬರೆದೆ:

‘ಫಲಾನುಭವಿ ಮಹಬೂಬ್ ಸಾಬ್ ಇವರು ಮಳೆಗಾಲದಲ್ಲಿಯೇ ತೀರಿಕೊಂಡಿರುತ್ತಾರೆ. ಅವರ ಹೆಸರಿನಲ್ಲಿ ಆಮೇಲೆ ಬರೆದ ದಾಖಲೆಗಳೆಲ್ಲ ನನ್ನ ಸುಳ್ಳು.’

ಕೆಳಗೆ ರುಜು ಹಾಕಿದೆ. ಈ ಮಾತಿಗೆ ನನಗೆ ಮುಂದೆ ನೋಟೀಸು ಬಂತು, ತಪ್ಪೊಪ್ಪಿಕೊಂಡೆ, ಮೇಡಂ ಬೈದರು. ಆ ಸಂಜೆ ನನಗೆ ಮೇಡಂ ನೆನಪೇ ಇರಲಿಲ್ಲ. ನಾಳೆಯ ಪುಟದಲ್ಲಿ ಒಂದಕ್ಷರವನ್ನೂ ಬರೆಯದೆ ಮುಚ್ಚಿದೆ.

ಬೆಳಿಗ್ಗೆ ನಾನು ತಲುಪುವಷ್ಟರಲ್ಲಿ ನೂರ್ಜಾನಮ್ಮ ಹದಿನೈದನೇ ಮೆಟ್ಟಿಲಲ್ಲಿದ್ದರು. ಕಟ್ಟೆಯ ಮೇಲೆ ದಸ್ತಗೀರ್ ಸಾಬರು, ಇಬ್ಬರು ಆಳುಗಳು, ಹಾರೆ. “ಇನ್ನು ಆಗಲ್ಲ ಅಯ್ನೋರೇ. ತಮ್ಮನ್ನ ಕಳ್ಕೊಂಡೆ, ಇವಳನ್ನೂ ಕಳ್ಕೊಳ್ಳಲ್ಲ. ಇವತ್ತು ಮುಚ್ಚಿಸ್ತೀನಿ. ಕಾಯಿಗೀಯಿ ಏನೂ ಬ್ಯಾಡ” ಎಂದರು. ನನಗೂ ಅದೇ ಸರಿಯೆನಿಸಿತ್ತು. “ಒಂದು ಗಳಿಗೆ” ಎಂದು ಇಳಿದೆ.

ಏಳು ಹೂ ಅರಳಿದ್ದವು. ಆರು ಕೈಗೆಟುಕುವಲ್ಲಿ, ಏಳನೆಯದು ಕೊನೆಯ ಮೆಟ್ಟಿಲ ಮೇಲೆ ಬಾಗಿತ್ತು. ಒಂದಕ್ಕೂ ದಾರವಿರಲಿಲ್ಲ.

“ಬರ್ಲಿಲ್ಲ” ಎಂದರು ನೂರ್ಜಾನಮ್ಮ.

“ಬರಲ್ಲ ತಾಯಿ. ನಾನು ಬರೆದಿಲ್ಲ. ಅವರು ತೀರಿಕೊಂಡ್ರು ಅಂತ ಬರೆದೆ.”

ಆಕೆ ತಿರುಗಿ ನೋಡಿದ ನೋಟವನ್ನು ನಾನು ಮರೆತಿಲ್ಲ. “ನೀವು ಯಾರು ಬರೆಯಾಕೆ? ನೀವು ಯಾರು ಅಳಿಸಾಕೆ? ನಿಮ್ಮ ಸರ್ಕಾರ್ದ ಪುಸ್ತಕದಾಗೆ ನನ್ನ ಗಂಡನ್ನ ಇಟ್ಕೊಂಡು ಆಟ ಆಡ್ತೀರಾ?”

“ಆಡಿದ್ದು ತಪ್ಪು” ಎಂದೆ. “ಬೈಯಿರಿ, ಹೊಡೀರಿ. ಆದರೆ ಹೂವು ಹನ್ನೊಂದು ಗಂಟೆಗೆ ಮುದುಡಕ್ಕೆ ಶುರು ಆಗುತ್ತೆ. ಆಮೇಲೆ ಮೇಲಿರೋ ಕಲ್ಲು ಕೆಳಗೆ ಬರುತ್ತೆ. ಅವರು ಕಾದಿದ್ದು ಹೂವಿಗೆ, ನಿಮಗಲ್ಲ. ನಿಮ್ಮನ್ನ ಅವರು ಯಾವತ್ತೂ ಕೆಳಗೆ ಕರೆದಿರಲಿಲ್ಲ.”

ಯಾಕೆ ಹಾಗೆ ಹೇಳಿದೆನೋ ತಿಳಿಯದು. ಹೇಳಿದ ಮೇಲೆ ನಿಜವೆನಿಸಿತು. ಮೂರು ವರ್ಷದಲ್ಲಿ ಆ ಮನುಷ್ಯ ಹೆಂಡತಿಗೆ “ಜಾರ್ತೈತೆ, ಮೇಲೇ ಇರು” ಎಂದೇ ಕೂಗುತ್ತಿದ್ದ. ಅದು ಆಕೆಗೂ ನೆನಪಾಗಿರಬೇಕು. ಅಳು ಬಂತು, ಐದಾರು ತಿಂಗಳದ್ದು ಒಟ್ಟಿಗೆ. ಮೇಲಿನಿಂದ ದಸ್ತಗೀರ್ ಸಾಬರು ಕೂಗಿದರು, ನಾನು ಕೈ ಮಾಡಿ ಸುಮ್ಮನಿರಿಸಿದೆ.

ಅತ್ತು ಮುಗಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು, ಕೈ ಚಾಚಿದರು. “ಕಡ್ಡಿ ಕೊಡಿ.”

ಮೊದಲ ಹೂ ಹರಿಯಿತು. ಎರಡನೆಯದರ ಪೊರೆ ಹರಿಯಿತು. “ಹಾಳಾದ್ದು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೈತೆ” ಎಂದು ಬೈದುಕೊಂಡರು. ಆ ಬೈಗುಳ ಕೇಳಿ ನನಗೆ ಜೀವ ಬಂತು. ಬದುಕಿರುವವರು ಆಡುವ ಮಾತು ಅದು. ಮೂರನೆಯದಕ್ಕೆ ಉಸಿರು ಬಿಗಿಹಿಡಿದರು. ಕಡ್ಡಿಯ ತುದಿ ಒಳಗೆ ಹೋಯಿತು, ಪೊರೆ ಎದ್ದಿತು, ಹೆಬ್ಬೆರಳು ಒತ್ತಿತು. ಆಯಿತು. ನಾಲ್ಕು, ಐದು, ಆರು. ಪ್ರತಿಯೊಂದಕ್ಕೂ ತಮ್ಮ ಸೆರಗಿನ ಅಂಚಿನಿಂದ ಎಳೆ ಕಿತ್ತು, ಎರಡು ಕೈಯಲ್ಲಿ, ಎಲ್ಲರೂ ಹಾಕುವ ಸಾದಾ ಗಂಟು ಹಾಕಿದರು.

“ಭಾಯ್ಸಾಬ್” ಎಂದು ಮೇಲಕ್ಕೆ ಕೂಗಿದರು, “ನಾಲ್ಕು ಹೂವಿನ ಮದುವೆ ಆಯ್ತು.”

ಆಮೇಲೆ ದಸ್ತಗೀರ್ ಸಾಬರ ಹಳೆಯ ದೊಡ್ಡ ದನಿ ಬಾವಿ ತುಂಬ ಮೊಳಗಿತು. “ಲೇ, ಹಾರೆ ಕೆಳಗಿಡ್ರೋ. ಟ್ರ್ಯಾಕ್ಟರ್ ತರ್ಸಿ, ಕಲ್ಲೆಲ್ಲ ವಾಪಸ್ ತುಂಬ್ರಿ.”

ಏಳನೆಯ ಹೂ ಉಳಿದಿತ್ತು. ಕೊನೆಯ ಮೆಟ್ಟಿಲ ಮೇಲೆ, ಮಹಬೂಬ್ ಸಾಬರು ಕೂತಿದ್ದ ಜಾಗಕ್ಕೆ ಸರಿಯಾಗಿ ಬಾಗಿತ್ತು. ಅಲ್ಲಿಗಾದರೆ ನಾನೇ ಇಳಿದು ಮಾಡುತ್ತೇನೆ, ಬರುವಷ್ಟು ಬರಲಿ ಎಂದು ಕಾಲಿಟ್ಟೆ. ನೂರ್ಜಾನಮ್ಮ ನನ್ನ ಅಂಗಿಯ ತೋಳು ಹಿಡಿದರು.

“ಅದು ಬೇಡ. ಅದು ಅಂಗೇ ಇರ್ಲಿ.”

ಇಬ್ಬರೂ ಕೂತೆವು. ಹೊತ್ತೇರಿತು. ಬಿಸಿಲು ಹತ್ತು ಮೆಟ್ಟಿಲಿನವರೆಗೆ ಇಳಿದು ನಿಂತಿತು, ಅದರಾಚೆ ಬರಲಿಲ್ಲ. ಹೂವಿನ ಎಸಳುಗಳು ಒಂದೊಂದಾಗಿ ಮುದುಡಿದವು. ಗಾಳಿಯೇನೂ ಇರಲಿಲ್ಲ. ಹೂವು ತೊಟ್ಟಿನಿಂದ ಕಳಚಿ, ನಮ್ಮ ಕಣ್ಣೆದುರಿಗೇ, ಕೊನೆಯ ಮೆಟ್ಟಿಲ ಕಡೆಗೆ ಬಿತ್ತು.

ಬಿದ್ದ ಸದ್ದಾಗಲಿಲ್ಲ. ಹೂವಲ್ಲವೇ, ಸದ್ದೆಲ್ಲಿ ಬರುತ್ತದೆ ಎಂದುಕೊಂಡು ಇಳಿದು ನೋಡಿದೆ. ಮೆಟ್ಟಿಲ ಮೇಲೆ ಇರಲಿಲ್ಲ. ತಳದ ತೇವದಲ್ಲಿ ಇರಲಿಲ್ಲ. ಹಂದರದ ಬುಡ, ಕಲ್ಲಿನ ಸಂದು, ಎಲ್ಲಾ ಕಡೆ ಮೊಬೈಲಿನ ಬೆಳಕು ಹಾಯಿಸಿ ಹುಡುಕಿದೆ. ಬರೀ ಕಲ್ಲು.

ಮೇಲೆ ನೋಡಿದೆ. ನೂರ್ಜಾನಮ್ಮ ಆಗಲೇ ಎದ್ದು ಸೆರಗು ಕೊಡವಿಕೊಳ್ಳುತ್ತಿದ್ದರು.

“ಹುಡುಕ್ಬೇಡಿ ಅಯ್ನೋರೇ, ತಗೊಂಡ್ರು” ಎಂದರು. “ಬನ್ನಿ, ನನಗೆ ಹಸಿವಾಗ್ತೈತೆ.”

ಒಂದೊಂದೇ ಮೆಟ್ಟಿಲು ಹತ್ತಿದರು. ಹಿಂತಿರುಗಿ ನೋಡಲಿಲ್ಲ.